ಬಿಸಿಲ ಹಿಮದಲ್ಲಿ ಸ್ಕೀಯಿಂಗ್: ಮೊದಲು ಗಡಿಯಾರ ನೋಡಿ, ಆಮೇಲೆ ಇಳಿಜಾರು

ಏಪ್ರಿಲ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳ ಹಿಮ ಬೆಳಿಗ್ಗೆ ಎಂಟೂವರೆಗೆ ಗಾಜು, ಹತ್ತೂವರೆಗೆ ಬೆಣ್ಣೆ, ಮಧ್ಯಾಹ್ನ ಎರಡಕ್ಕೆ ಅಂಬಲಿ. ಇಳಿಜಾರು ಅದೇ, ಸ್ಕೀ ಅದೇ, ಕಾಲೂ ಅದೇ. ಬೇ ಏರಿಯಾದ ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆಯಿಂದ ಬೆಳಿಗ್ಗೆ ಏಳಕ್ಕೆ ಹೊರಟು, ದಾರಿಯಲ್ಲಿ ಕಾಫಿಗೆ ನಿಂತು, ಬಾಡಿಗೆ ಅಂಗಡಿಯ ಸರದಿಯಲ್ಲಿ ಅರ್ಧ ಗಂಟೆ ಕಳೆದು ಇಳಿಜಾರಿನ ಮೇಲಕ್ಕೆ ಒಯ್ಯುವ ಲಿಫ್ಟ್ ಹತ್ತುವಾಗ ಗಂಟೆ ಒಂದು ಹೊಡೆದಿರುತ್ತದೆ. ಆ ದಿನದ ಒಳ್ಳೆಯ ಹಿಮ ಅಷ್ಟೊತ್ತಿಗೆ ಮುಗಿದಿರುತ್ತದೆ. ವಸಂತದ ಸ್ಕೀಯಿಂಗ್ ಮಾಡುವುದಾದರೆ ಹಿಂದಿನ ರಾತ್ರಿಯೇ ಬೆಟ್ಟಕ್ಕೆ ಹತ್ತಿರದ ಊರುಗಳಾದ ಟ್ರಕೀಯಲ್ಲೋ ರೀನೋದಲ್ಲೋ ತಂಗಿ. ಬಾಡಿಗೆ ಸ್ಕೀಯನ್ನೂ ಸಂಜೆಯೇ ತಂದಿಟ್ಟುಕೊಳ್ಳಿ.

ಬನ್ಸಿ ರವೆಯ ಹಿಮ

ಹಗಲಿನ ಬಿಸಿಲಿಗೆ ಹಿಮದ ಕಣಗಳ ನಡುವೆ ನೀರು ಜಿನುಗುತ್ತದೆ, ರಾತ್ರಿ ಅದು ಮತ್ತೆ ಹೆಪ್ಪುಗಟ್ಟುತ್ತದೆ. ಹೀಗೆ ಹಲವು ದಿನ ನಡೆದರೆ ಸಣ್ಣ ಕಣಗಳು ಕರಗಿಹೋಗಿ, ದೊಡ್ಡವು ದುಂಡಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನೋಡಲು ಬನ್ಸಿ ರವೆಯಂತಿರುವ ಇದನ್ನು ಅಲ್ಲಿಯವರು ‘ಕಾರ್ನ್’ ಎನ್ನುತ್ತಾರೆ. ಕೆಳಗೆ ಗಟ್ಟಿ ತಳ, ಮೇಲೆ ಎರಡರಿಂದ ಐದು ಸೆಂಟಿಮೀಟರ್ ಸಡಿಲ ಕಾಳು. ಹೊಸಬರಿಗೂ ಪಳಗಿದವರಿಗೂ ಇದಕ್ಕಿಂತ ಹಿತವಾದ ಹಿಮ ಸಿಗುವುದು ಕಷ್ಟ. ಆದರೆ ಏಪ್ರಿಲ್‌ನಲ್ಲಿ ಹೊಸ ಹಿಮ ಬಿದ್ದ ಮರುದಿನ ಇದನ್ನು ಹುಡುಕಬೇಡಿ. ಹೊಸ ಹಿಮ ಬಿಸಿಲಿಗೆ ಮೊದಲು ಅಂಟಾಗುತ್ತದೆ. ಅದು ಕಾಳಾಗಲು ಕೆಲವು ದಿನ ಬಿಸಿಲೂ ರಾತ್ರಿಯ ಚಳಿಯೂ ಬೇಕು.

ಹಿಂದಿನ ರಾತ್ರಿ: ಮೋಡ ಇದೆಯೇ?

ಹವಾಮಾನ ವರದಿಯಲ್ಲಿ ಎಲ್ಲರೂ ಕನಿಷ್ಠ ಉಷ್ಣಾಂಶವನ್ನಷ್ಟೇ ನೋಡುತ್ತಾರೆ, ಅದೂ ಊರಿನದು. ನೋಡಬೇಕಾದದ್ದು ಬೆಟ್ಟದ ಮೇಲಿನ ಉಷ್ಣಾಂಶವನ್ನು, ಅದರ ಜತೆಗೆ ಮೋಡವನ್ನು. ಮೋಡ ಮುಚ್ಚಿದ ರಾತ್ರಿ ಸೆಕೆ ಜಾಸ್ತಿ ಎನ್ನುವುದು ನಮ್ಮ ಊರುಗಳಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಇಲ್ಲಿಯೂ ಅದೇ ಲೆಕ್ಕ. ಹಿಮದ ಮೇಲ್ಮೈ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಆಕಾಶ ತಿಳಿಯಾಗಿದ್ದು ಗಾಳಿ ಒಣಗಿದ್ದರೆ, ಗಾಳಿಯ ಉಷ್ಣಾಂಶ 2–3 ಡಿಗ್ರಿ ಸೆಲ್ಸಿಯಸ್ ಇದ್ದರೂ ಮೇಲ್ಪದರ ಹೆಪ್ಪುಗಟ್ಟಬಲ್ಲದು. ಮೋಡ ಮುಚ್ಚಿದ್ದರೆ ಸೊನ್ನೆಯ ಆಸುಪಾಸಿಗೆ ಇಳಿದರೂ ಪದರ ತೆಳ್ಳಗೆ, ಒಳಗೆಲ್ಲ ಒದ್ದೆ. ಅಂಥ ಬೆಳಿಗ್ಗೆ ಲಿಫ್ಟ್ ಶುರುವಾದ ತಕ್ಷಣ ಹತ್ತಿ, ಬೇಗ ಮುಗಿಸಿ. ಕಾಯುವುದರಿಂದ ಏನೂ ಸಿಗುವುದಿಲ್ಲ.

ವ್ಯಾಕ್ಸ್: ಅರ್ಧ ಕೆಲಸ ಇಲ್ಲೇ

ಎರಡು ಒದ್ದೆ ಸ್ಟೀಲ್ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟು ಬಿಡಿಸಿ ನೋಡಿ. ನಡುವಿನ ನೀರು ಅವುಗಳನ್ನು ಹೇಗೆ ಹಿಡಿದುಕೊಳ್ಳುತ್ತದೋ ಒದ್ದೆ ಹಿಮ ಸ್ಕೀಯ ತಳವನ್ನೂ ಹಾಗೆಯೇ ಹಿಡಿಯುತ್ತದೆ. ಇದಕ್ಕೆ ಮದ್ದು ಎರಡು. ಒಂದು, ನೀರನ್ನು ತಳ್ಳುವ ಮೆತ್ತನೆಯ ವ್ಯಾಕ್ಸ್, ಅಂದರೆ ಸ್ಕೀಯ ತಳಕ್ಕೆ ಬಳಿಯುವ ಮೇಣ. ಬೆಚ್ಚನೆಯ ಹಿಮದ್ದು ಹೆಚ್ಚಾಗಿ ಹಳದಿ ಬಣ್ಣದಲ್ಲಿರುತ್ತದೆ. ಎರಡು, ತಳದಲ್ಲಿ ಕೊರೆದ ಸಣ್ಣ ಗೆರೆಗಳು. ನೀರು ಈ ಗೆರೆಗಳಲ್ಲಿ ಹರಿದುಹೋಗಿ ನಡುವೆ ಗಾಳಿ ಸೇರುವುದರಿಂದ ಹಿಡಿತ ತಪ್ಪುತ್ತದೆ. ವಸಂತಕ್ಕೆ ಈ ಗೆರೆಗಳು ಚಳಿಗಾಲದವುಗಳಿಗಿಂತ ದಪ್ಪಗಿರಬೇಕು. ಇದು ಅಂಗಡಿಯ ಯಂತ್ರದಲ್ಲಿ ಆಗುವ ಕೆಲಸ, ಮನೆಯಲ್ಲಿ ಕೈ ಹಾಕಬೇಡಿ.

ವ್ಯಾಕ್ಸ್ ಮಾತ್ರ ಮನೆಯಲ್ಲೇ ಆಗುತ್ತದೆ. ಮೊದಲು ತಳ ಒರೆಸಿ. ಸಿಯೆರಾದ ತಾಹೋ ಸರೋವರದ ಸುತ್ತ ಪೈನ್ ಮರಗಳ ಪರಾಗ, ಅಂಟು, ಲಿಫ್ಟಿನ ಎಣ್ಣೆ ಎಲ್ಲ ಹಿಮದ ಮೇಲೆ ಬಿದ್ದು ಸ್ಕೀಗೆ ಮೆತ್ತಿಕೊಂಡಿರುತ್ತವೆ. ಕೊಳೆಯ ಮೇಲೆ ಎಷ್ಟು ವ್ಯಾಕ್ಸ್ ಬಳಿದರೂ ವ್ಯರ್ಥ. ಇಸ್ತ್ರಿಪೆಟ್ಟಿಗೆಯನ್ನು ವ್ಯಾಕ್ಸಿನ ಪೊಟ್ಟಣ ಹೇಳುವ ಬಿಸಿಗೆ ಇಡಿ (ಮೆತ್ತನೆಯದಕ್ಕೆ ಸುಮಾರು 120 ಡಿಗ್ರಿ). ಹೊಗೆ ಬಂದರೆ ಬಿಸಿ ಹೆಚ್ಚಾಗಿದೆ. ವ್ಯಾಕ್ಸನ್ನು ತೊಟ್ಟಿಕ್ಕಿಸಿ, ಪೆಟ್ಟಿಗೆಯನ್ನು ಎಲ್ಲೂ ನಿಲ್ಲಿಸದೆ ಮೂತಿಯಿಂದ ಬಾಲದವರೆಗೆ ಎಳೆಯಿರಿ. ಒಂದೇ ಕಡೆ ಒತ್ತಿ ಹಿಡಿದರೆ ಪ್ಲಾಸ್ಟಿಕ್ ತಳ ಸುಟ್ಟು ಮುಚ್ಚಿಹೋಗುತ್ತದೆ, ಆಮೇಲೆ ಅದು ವ್ಯಾಕ್ಸ್ ಹೀರುವುದೇ ಇಲ್ಲ. ಅರ್ಧ ಗಂಟೆ ಆರಲು ಬಿಟ್ಟು, ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಬ್ರಷ್‌ನಿಂದ ಚೆನ್ನಾಗಿ ಉಜ್ಜಿ. ಉಜ್ಜದಿದ್ದರೆ ಗೆರೆಗಳೊಳಗೆ ವ್ಯಾಕ್ಸ್ ಕೂತು ನೀರಿಗೆ ದಾರಿ ಇರುವುದಿಲ್ಲ. ಹೆಚ್ಚಿನವರು ತಪ್ಪುವುದು ಇಲ್ಲೇ. ಫ್ಲೋರಿನ್ ಬೆರೆಸಿದ ಹಳೆಯ ವ್ಯಾಕ್ಸ್ ಅಗ್ಗಕ್ಕೆ ಸಿಕ್ಕರೂ ಬೇಡ. ಆರೋಗ್ಯ, ಪರಿಸರ ಎರಡಕ್ಕೂ ಕೆಟ್ಟದ್ದೆಂದು ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ತನ್ನ ಸ್ಪರ್ಧೆಗಳಲ್ಲಿ 2023–24ರಿಂದ ಅದನ್ನು ನಿಷೇಧಿಸಿದೆ.

ಬಾಡಿಗೆಯ ಸ್ಕೀಯಾದರೆ ಅಂಗಡಿಯಲ್ಲಿ ಎರಡು ಮಾತು ಕೇಳಿ: ನಡು 90–100 ಮಿಲಿಮೀಟರ್ ಅಗಲ ಇರುವುದನ್ನು ಕೊಡಿ, ಬೆಚ್ಚನೆಯ ಹಿಮದ ವ್ಯಾಕ್ಸ್ ಹಾಕಿಕೊಡಿ. ಉಜ್ಜಿ ಹಚ್ಚುವ ಪೇಸ್ಟ್ ವ್ಯಾಕ್ಸಿನ ಪುಟ್ಟ ಡಬ್ಬಿಯೊಂದು ಜೇಬಿನಲ್ಲಿರಲಿ. ಮಧ್ಯಾಹ್ನ ಸ್ಕೀ ಬಿಚ್ಚಿ, ತಳ ಒಣಗಿಸಿ, ಎರಡು ನಿಮಿಷ ಉಜ್ಜಿದರೆ ಇನ್ನೊಂದೆರಡು ಸುತ್ತು ಆರಾಮ.

ಬೆಳಿಗ್ಗೆ: ಸೂರ್ಯನ ಬೆನ್ನು ಹಿಡಿದು

ತಾಹೋ ಸರೋವರ ಇರುವುದು ಹೆಚ್ಚುಕಡಿಮೆ 120 ಡಿಗ್ರಿ ಪಶ್ಚಿಮ ರೇಖಾಂಶದ ಮೇಲೆ. ಮಾರ್ಚ್‌ನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುವುದರಿಂದ ಅಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ. ಇದನ್ನು ನೆನಪಿಟ್ಟು ದಿನ ಹೊಂದಿಸಿಕೊಳ್ಳಿ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಒಂಬತ್ತೂವರೆಯ ಸುಮಾರಿಗೆ ಹದಕ್ಕೆ ಬರುತ್ತದೆ, ದಕ್ಷಿಣದ್ದು ಹತ್ತೂವರೆಯಿಂದ ಹನ್ನೊಂದೂವರೆಗೆ, ಪಶ್ಚಿಮದ್ದು ಹನ್ನೆರಡರ ನಂತರ. ಉತ್ತರಕ್ಕೆ ಮುಖ ಮಾಡಿದ ಎತ್ತರದ ಜಾಗಗಳು ಕೊನೆಗೆ. ಗಾಳಿ ಬೀಸುತ್ತಿದ್ದರೆ ಇದೆಲ್ಲ ಅರ್ಧ-ಮುಕ್ಕಾಲು ಗಂಟೆ ತಡ. 1960ರ ಚಳಿಗಾಲದ ಒಲಿಂಪಿಕ್ಸ್ ನಡೆದ ಪ್ಯಾಲಿಸೇಡ್ಸ್ ತಾಹೋ ಸ್ಕೀ ತಾಣದಲ್ಲಿ ಆಲ್ಪೈನ್ ಎಂಬ ಬದಿಯ ಬೆನ್ನಿಗಿರುವ ಶೆರ್ವುಡ್ ಇಳಿಜಾರು ದಕ್ಷಿಣದ ಬಿಸಿಲಿಗೆ ತೆರೆದುಕೊಂಡಿದೆ. ವಸಂತದ ಬೆಳಗಿಗೆ ಹೇಳಿ ಮಾಡಿಸಿದ ಜಾಗ. 11,053 ಅಡಿ ಎತ್ತರದ ಮ್ಯಾಮತ್ ಬೆಟ್ಟದ ಸ್ಕೀ ಇಳಿಜಾರುಗಳು ಬಹುಪಾಲು ಉತ್ತರಕ್ಕಿವೆ, ಹಾಗಾಗಿ ಅಲ್ಲಿ ಹಿಮ ಬಹಳ ದಿನ ನಿಲ್ಲುತ್ತದೆ. ಆದರೆ ಏಪ್ರಿಲ್‌ನಲ್ಲಿ ಯೊಸೆಮಿಟಿ ಮೂಲಕ ಅಲ್ಲಿಗೆ ಹೋಗುವ ಟಯೋಗಾ ಕಣಿವೆದಾರಿ ಸಾಮಾನ್ಯವಾಗಿ ಮುಚ್ಚಿರುತ್ತದೆ. ಬೇ ಏರಿಯಾದಿಂದ ಬಳಸಿಕೊಂಡು ಹೋಗಬೇಕು.

ಹದ ಬಂದಿದೆಯೇ ಎಂದು ಕಿವಿಯೇ ಹೇಳುತ್ತದೆ. ಕರಕರ ಸದ್ದು, ಕಾಲಿಗೆ ನಡುಕ: ಇನ್ನೂ ಬೇಗ. ಸರ್ ಎಂಬ ಮೆತ್ತಗಿನ ಸದ್ದು: ಇದೇ ಸಮಯ. ಅನುಮಾನವಿದ್ದರೆ ಇಳಿಜಾರಿನ ಅಂಚಿಗೆ ಸರಿದು ಸ್ಕೀ ಬಿಚ್ಚಿ ಬೂಟಿನಲ್ಲಿ ನಿಂತು ನೋಡಿ. ಎರಡು ಬೆರಳಿನಷ್ಟು ಹೂತರೆ ಸರಿ. ಪಾದ ಪೂರ್ತಿ ಮುಳುಗಿದರೆ ಅಲ್ಲಿಯ ಕೆಲಸ ಮುಗಿಯಿತು, ಮುಂದಿನ ಇಳಿಜಾರಿಗೆ ಹೋಗಿ. ಮಕ್ಕಳ, ಹೊಸಬರ ಪಾಠವನ್ನು ಹತ್ತಕ್ಕೆ ಇಟ್ಟುಕೊಳ್ಳಿ. ಎಂಟೂವರೆಯ ಮಂಜುಗಡ್ಡೆ ಅವರಿಗೆ ಹೆದರಿಕೆಯನ್ನಷ್ಟೇ ಕಲಿಸುತ್ತದೆ.

ಅಂಬಲಿಯಲ್ಲಿ ಇಳಿಯುವಾಗ

ಗಟ್ಟಿ ಹಿಮದಲ್ಲಿ ಭಾರವೆಲ್ಲ ತಿರುವಿನ ಹೊರಗಾಲಿನ ಮೇಲೆ ಎಂದು ಕಲಿಸಿರುತ್ತಾರೆ. ಕೆಸರಾದ ಹಿಮದಲ್ಲಿ ಹಾಗೆ ಮಾಡಿದರೆ ಆ ಕಾಲು ಹೂತು, ಹಗುರಾದ ಇನ್ನೊಂದು ಸ್ಕೀ ತನ್ನಿಷ್ಟದ ಕಡೆ ಹೋಗುತ್ತದೆ. ಎರಡೂ ಕಾಲಿಗೆ ಹತ್ತಿರ ಹತ್ತಿರ ಸಮಭಾರ ಹಾಕಿ, ಪಾದದ ನಡುವಿನ ಮೇಲೆ ನಿಲ್ಲಿ. ತಿರುವು ದೊಡ್ಡದಿರಲಿ. ಸ್ಕೀಯನ್ನು ಪಕ್ಕಕ್ಕೆ ತಳ್ಳಿ ಗಕ್ಕನೆ ತಿರುಗಿಸಬೇಡಿ: ರಾಶಿಬಿದ್ದ ಭಾರದ ಹಿಮ ಸ್ಕೀಯನ್ನು ಹಿಡಿದುಕೊಳ್ಳುತ್ತದೆ, ಮೈ ತಿರುಗುತ್ತದೆ, ನಡುವೆ ಸಿಕ್ಕಿಕೊಳ್ಳುವುದು ಮಂಡಿ. ನಿಧಾನವಾಗಿ ತಿರುಚಿ ಬಿದ್ದಾಗ ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಬಿಟ್ಟುಕೊಳ್ಳದೆಯೂ ಇರಬಹುದು. ಬಾಡಿಗೆ ಅಂಗಡಿಯಲ್ಲಿ ತೂಕವನ್ನಾಗಲಿ ಸ್ಕೀಯಿಂಗ್ ಅನುಭವವನ್ನಾಗಲಿ ನಾಚಿಕೆಗೆ ತಿದ್ದಿ ಹೇಳಬೇಡಿ, ಬೈಂಡಿಂಗ್ ಹೊಂದಿಸುವುದು ಆ ಲೆಕ್ಕದಲ್ಲೇ.

ಮರದ ನೆರಳು ದಾಟಿ ಬಿಸಿಲಿಗೆ ಬರುವ ಗೆರೆ ಇನ್ನೊಂದು ಬಲೆ. ನೆರಳಲ್ಲಿ ಜಾರುತ್ತಿದ್ದ ಸ್ಕೀಗೆ ಬಿಸಿಲಲ್ಲಿ ಬ್ರೇಕ್ ಹಾಕಿದಂತಾಗಿ ಮುಖ ಮುಂದಕ್ಕೆ ಹೋಗುತ್ತದೆ. ಗೆರೆ ಕಂಡ ಕೂಡಲೇ ಒಂದು ಪಾದ ಅಂಗೈಯಷ್ಟು ಮುಂದಿಟ್ಟು ಮಂಡಿ ಸಡಿಲಿಸಿ.

ಬಿಸಿಲು, ನೀರು, ಹಗ್ಗದಾಚೆ

ಸಾವಿರ ಮೀಟರ್ ಏರಿದರೆ ನೇರಳಾತೀತ ಕಿರಣ ಸುಮಾರು ಶೇ 10 ಹೆಚ್ಚು. ಅದರ ಮೇಲೆ ಹಿಮ ಕೆಳಗಿನಿಂದಲೂ ಎರಚುತ್ತದೆ. ಗದ್ದದ ಅಡಿ, ಮೂಗಿನ ಹೊಳ್ಳೆಯ ಅಂಚು, ಕಿವಿ, ತುಟಿ ಎಲ್ಲ ಕಡೆ ಸನ್‌ಸ್ಕ್ರೀನ್ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ. ಕಪ್ಪು ಮೈಗೆ ಬೇಡ ಎನ್ನುವ ಮಾತು ಸುಳ್ಳು. ಕನ್ನಡಕಕ್ಕೆ ಮೂರನೇ ವರ್ಗದ (ಕೆಟಗರಿ 3) ಗಾಢ ಗಾಜು ಬೇಕು. ಹತ್ತಿಯ ಬನಿಯನ್ ಬೆವರು ಹಿಡಿದು ಲಿಫ್ಟಿನ ಗಾಳಿಗೆ ನಡುಗಿಸುತ್ತದೆ. ತೆಳುವಾದ ಉಣ್ಣೆ ಅಥವಾ ಪಾಲಿಯೆಸ್ಟರ್ ಹಾಕಿ.

ಹಗ್ಗ ಕಟ್ಟಿ ಮುಚ್ಚಿದ ಕಡೆಗೆ ಹೋಗಲೇಬೇಡಿ. ಕೆಳಗೆ ಬಂಡೆ ಇರಬಹುದು, ಹರಿವ ತೊರೆಯ ಮೇಲಿನ ತೆಳು ಹಿಮಸೇತುವೆಯೂ ಇರಬಹುದು. ಸ್ಕೀ ತಾಣದ ಗಡಿಯಾಚೆ ಹೋಗುವ ಅನುಭವಿಗಳು ಸಿಯೆರಾ ಅವಲಾಂಚ್ ಸೆಂಟರ್‌ನ ಅಂದಿನ ಹಿಮಕುಸಿತದ ಮುನ್ಸೂಚನೆ ಓದಿ ಹೊರಡಲಿ. ಇಳಿಜಾರಿನಲ್ಲಿ ಹಿಮದುಂಡೆಗಳು ತಾವಾಗಿಯೇ ಉರುಳಿ ಸುರುಳಿಯಾಗುತ್ತಿವೆ ಎಂದರೆ ಒದ್ದೆ ಹಿಮಕುಸಿತಕ್ಕೆ ಬೆಟ್ಟ ಸಿದ್ಧವಾಗುತ್ತಿದೆ, ಕೂಡಲೇ ಹೊರಬನ್ನಿ.

ಇಳಿದ ಮೇಲೆ

ಸ್ಕೀಯನ್ನು ಒದ್ದೆಯಾಗಿಯೇ ಚೀಲಕ್ಕೆ ತುರುಕಿದರೆ ಬೆಳಗಾಗುವುದರೊಳಗೆ ಉಕ್ಕಿನ ಅಂಚಿಗೆ ತುಕ್ಕು. ಹಳೆಯ ಬಟ್ಟೆಯಿಂದ ಒರೆಸಿ. ಬೂಟಿನ ಒಳಚೀಲ ತೆಗೆದು ಒಣಗಿಸಿ, ಆದರೆ ಹೀಟರಿಗೆ ಒತ್ತಿ ಇಡಬೇಡಿ. ಕಾರಿನಲ್ಲಿ ಟೈರಿಗೆ ಕಟ್ಟುವ ಚೈನ್ ಏಪ್ರಿಲ್‌ನಲ್ಲೂ ಇರಲಿ. 7,239 ಅಡಿ ಎತ್ತರದ ಡಾನರ್ ಸಮ್ಮಿಟ್ ಕಣಿವೆದಾರಿಯ ಹೆದ್ದಾರಿಯಲ್ಲಿ ಹಗಲು ಹರಿದ ನೀರು ಕತ್ತಲಾದ ಮೇಲೆ ಮತ್ತೆ ಗಾಜಾಗಬಹುದು.