ದೋಣಿಯ ಆಸೆಯುಳ್ಳವರಿಗೆ ಹೊಳೆಯಂಚಿನ ಮನೆ: ಆರಿಸುವುದು ಹೇಗೆ?

ಮುಂಬೈ, ಬೆಂಗಳೂರು, ಕೊಲ್ಲಿ ದೇಶಗಳಲ್ಲಿ ದುಡಿದು ಮಂಗಳೂರು–ಉಡುಪಿ ಕರಾವಳಿಯ ಊರಿಗೆ ಮರಳುವವರಲ್ಲಿ ಹಲವರಿಗೆ ಈಗ ಒಂದೇ ಆಸೆ: ಹೊಳೆಯ ಬದಿಯಲ್ಲೊಂದು ಮನೆ, ಮನೆಯ ಕೆಳಗೆ ಕಟ್ಟಿಹಾಕಿದ ಒಂದು ಸಣ್ಣ ದೋಣಿ. ಆಸೆಯಲ್ಲಿ ತಪ್ಪೇನೂ ಇಲ್ಲ; ಹುಡುಕುವ ಕ್ರಮದಲ್ಲಿ ತಪ್ಪಿದೆ. ಡಿಸೆಂಬರ್ ರಜೆಯಲ್ಲಿ ಬಂದು, ಉಬ್ಬರದ ಹೊತ್ತಿಗೆ ತುಂಬಿ ನಿಂತ ಹೊಳೆಯನ್ನು ನೋಡಿ, ಸಂಜೆಯೊಳಗೆ ಮುಂಗಡ ಕೊಟ್ಟು ಹೋಗುತ್ತಾರೆ. ಮೇ ತಿಂಗಳಲ್ಲಿ ಮರಳಿ ಬಂದಾಗ ದೋಣಿ ಕೆಸರಿನ ಮೇಲೆ ಓರೆಯಾಗಿ ಮಲಗಿರುತ್ತದೆ, ಬಾವಿಯ ನೀರು ಉಪ್ಪಾಗಿರುತ್ತದೆ. ಆದ್ದರಿಂದ ಮೊದಲು ನೀರನ್ನು ನೋಡಬೇಕು, ಬಳಿಕ ದಡವನ್ನು, ಆಮೇಲೆ ಕಾಗದಪತ್ರಗಳನ್ನು. ಮನೆಯನ್ನು ನೋಡುವುದು ಎಲ್ಲಕ್ಕಿಂತ ಕೊನೆಗೆ.

ಮೊದಲ ಹೆಜ್ಜೆ: ಕಡಲನ್ನು ಬಿಡಿ, ಹೊಳೆಯನ್ನು ಹಿಡಿಯಿರಿ

ದೋಣಿಯೇ ಉದ್ದೇಶವಾದರೆ ಕಡಲಿಗೆ ಮುಖ ಮಾಡಿದ ಮನೆ ಬೇಡ. ಒಡೆಯುವ ತೆರೆಗಳ ನಡುವೆ ಸಣ್ಣ ದೋಣಿಯನ್ನು ಇಳಿಸುವುದು ಹತ್ತಾರು ಕೈಗಳ ಕೆಲಸವೇ ಹೊರತು ಅರುವತ್ತು ದಾಟಿದ ದಂಪತಿಯ ಕೆಲಸವಲ್ಲ. ಇದರ ಮೇಲೆ ಕಡಲ್ಕೊರೆತವಿದೆ. ಉಳ್ಳಾಲ, ಸೋಮೇಶ್ವರ, ಪಡುಕೆರೆ, ಮರವಂತೆಗಳಲ್ಲಿ ಪ್ರತಿ ಮಳೆಗಾಲವೂ ಕಲ್ಲು ಸುರಿಯುವ ಕೆಲಸ ನಡೆದೇ ಇರುತ್ತದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತವಂತೂ ಮಳೆಗಾಲಕ್ಕೆ ಮೊದಲೇ ಬಂದು ತೀರವನ್ನು ಕೊರೆದುಹೋಯಿತು. ಪಡುಕೆರೆಯಂಥ ಕಡೆ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಉದ್ಯಾವರ ಹೊಳೆ ಇರುವುದರಿಂದ ಎರಡೂ ಸಿಕ್ಕಿತೆಂಬ ಆಸೆ ಹುಟ್ಟುತ್ತದೆ. ಆದರೆ ನಡುವಿನ ಮರಳಪಟ್ಟಿ ಕಿರಿದು, ಅಪಾಯದ ಹೊತ್ತಿಗೆ ಹೊರಬರುವ ದಾರಿಗಳೂ ಕೆಲವೇ. ನಿವೃತ್ತರಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಉಳಿಯುವುದು ಹೊಳೆಗಳು. ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳು, ಮೂಲ್ಕಿಯ ಬಳಿ ಶಾಂಭವಿ–ನಂದಿನಿ, ಮಲ್ಪೆಯಲ್ಲಿ ಕಡಲು ಸೇರುವ ಉದ್ಯಾವರ ಹೊಳೆ, ಕೋಡಿಬೆಂಗ್ರೆಯ ಬಳಿ ಒಂದಾಗುವ ಸೀತಾ–ಸ್ವರ್ಣಾ, ಗಂಗೊಳ್ಳಿಯ ಪಂಚಗಂಗಾವಳಿ. ಅಳಿವೆಯಿಂದ, ಅಂದರೆ ಹೊಳೆ ಕಡಲು ಸೇರುವ ಬಾಯಿಯಿಂದ, ಮೂರು–ನಾಲ್ಕು ಕಿಲೊಮೀಟರ್ ಒಳಗಿನ ದಡ ನನ್ನ ಆಯ್ಕೆ. ಅಷ್ಟು ಒಳಗೆ ಉಪ್ಪುಗಾಳಿಯ ಕಾಟ ಕಡಿಮೆ, ತೆರೆಯ ಹೊಡೆತವಿಲ್ಲ, ಆದರೂ ಬೇಕೆಂದಾಗ ಕಡಲು ದೂರವಲ್ಲ.

ಎರಡನೆಯ ಹೆಜ್ಜೆ: ನೀರನ್ನು ಇಳಿತದಲ್ಲಿ ಅಳೆಯಿರಿ

ಹೆಚ್ಚಿನವರು ಎಡವುವುದು ಇಲ್ಲಿ. ದಲ್ಲಾಳಿಗಳು ಕಳುಹಿಸುವ ಡ್ರೋನ್ ವಿಡಿಯೊಗಳೆಲ್ಲ ಉಬ್ಬರದಲ್ಲಿ ತೆಗೆದವು ಎಂದೇ ತಿಳಿಯಿರಿ. ಮಂಗಳೂರಿನ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಅಮಾವಾಸ್ಯೆ–ಹುಣ್ಣಿಮೆಗಳ ಸುತ್ತಮುತ್ತ ಇವೆರಡರ ನಡುವಿನ ಅಂತರ ಸುಮಾರು ಒಂದೂಕಾಲು ಮೀಟರ್. ಕೇಳಲಿಕ್ಕೆ ಇದು ಸಣ್ಣ ಅಳತೆ. ಆದರೆ ಉಬ್ಬರದಲ್ಲಿ ಎದೆಮಟ್ಟ ನೀರಿರುವ ದಡದಲ್ಲಿ ಇಳಿತಕ್ಕೆ ಕಣಕಾಲು ಮುಳುಗುವಷ್ಟೂ ಉಳಿಯುವುದಿಲ್ಲ.

ನೋಡಬೇಕಾದ ದಿನವನ್ನು ಹೀಗೆ ಆರಿಸಿ: ತಿಂಗಳು ಏಪ್ರಿಲ್ ಅಥವಾ ಮೇ, ಅಮಾವಾಸ್ಯೆ ಇಲ್ಲವೆ ಹುಣ್ಣಿಮೆ ಕಳೆದ ಮಾರನೆಯ ದಿನ. ಆಗ ಮೇಲಿನಿಂದ ಬರುವ ನೀರು ತೀರ ಕಡಿಮೆಯಾಗಿರುತ್ತದೆ, ಇಳಿತವೂ ಆಳವಾಗಿರುತ್ತದೆ. ಹೊತ್ತನ್ನು ಭಾರತೀಯ ಸರ್ವೇಕ್ಷಣಾ ಇಲಾಖೆಯ ಉಬ್ಬರವಿಳಿತದ ಕೋಷ್ಟಕದಲ್ಲಿ ನೋಡಬಹುದು. ಅದಕ್ಕಿಂತ ಸುಲಭವಾಗಿ ಕಡವಿನ (ದೋಣಿ ಹತ್ತಿಳಿಯುವ ಜಾಗದ) ದೋಣಿಯವರನ್ನು ಕೇಳಬಹುದು. ಇಳಿತದ ಹೊತ್ತು ಪ್ರತಿದಿನ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ ಎಂಬ ಲೆಕ್ಕ ಅವರಿಗೆ ಬಾಯಿಪಾಠ. ಕೋಷ್ಟಕದ ಹೊತ್ತು ಅಳಿವೆಗೆ ಹತ್ತಿರದ್ದು, ಹೊಳೆಯ ಒಳಗೆ ಹೋದಂತೆ ಇಳಿತ ತಡವಾಗಿ ಮುಟ್ಟುತ್ತದೆ ಎಂಬುದು ನೆನಪಿರಲಿ.

ಇಳಿತಕ್ಕೆ ಅರ್ಧ ಗಂಟೆ ಮೊದಲೇ ಹೋಗಿ ಒಬ್ಬ ಸ್ಥಳೀಯ ದೋಣಿಯವರನ್ನು ಗೊತ್ತುಮಾಡಿಕೊಳ್ಳಿ. ಮಾರುವವರ ಕಡೆಯವರು ಬೇಡ. ಅಡಿ ಅಡಿಗೆ ಗುರುತು ಹಾಕಿದ ಒಂದು ಬಿದಿರಿನ ಗಳವಿದ್ದರೆ ಸಾಕು. ದಡದಿಂದ ಹೊಳೆಯ ಆಳದ ಹರಿವಿನವರೆಗೆ ನಾಲ್ಕಾರು ಕಡೆ ಅದನ್ನು ಊರಿ ನೋಡಿ. ಔಟ್‌ಬೋರ್ಡ್ ಎಂಜಿನ್ ಕಟ್ಟಿದ ಸಣ್ಣ ಫೈಬರ್ ದೋಣಿಯ ಫ್ಯಾನು ತಳಕ್ಕೆ ಬಡಿಯದೆ ತಿರುಗಬೇಕಾದರೆ ಇಳಿತದಲ್ಲೂ ಒಂದು ಮೀಟರ್ ನೀರಿರಬೇಕು. ಹುಟ್ಟು ಹಾಕುವ ಪಾತಿ ದೋಣಿಗೆ ಅದರ ಅರ್ಧದಷ್ಟು ನಡೆಯುತ್ತದೆ. ಗಳವೂ ಬೇಡವೆನ್ನುವವರಿಗೆ ಇನ್ನೊಂದು ಗುರುತಿದೆ: ಇಳಿತದಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕುವವರು ಹೊಳೆಯ ನಡುವೆಯೇ ಮೊಣಕಾಲು ನೀರಿನಲ್ಲಿ ಬಗ್ಗಿ ನಿಂತಿದ್ದರೆ ಅಲ್ಲಿ ನಿಮ್ಮ ದೋಣಿಗೆ ದಾರಿಯಿಲ್ಲ. “ಇಳಿತಕ್ಕೆ ಇಲ್ಲಿ ನೀರೇ ಇಲ್ಲ ಮಾರಾಯ್ರೆ” ಎಂದು ದೋಣಿಯವರು ಹೇಳಿದರೆ, ಮಾರುವವರು ಹೂಳೆತ್ತಿಸುವ ಮಾತಾಡಿದರೂ ನಂಬಬೇಡಿ. ಹೂಳೆತ್ತುವುದಕ್ಕೆ ಅನುಮತಿ ಬೇಕು, ಎತ್ತಿದ ಹೂಳು ಒಂದು ಮಳೆಗಾಲದಲ್ಲಿ ಮತ್ತೆ ತುಂಬುತ್ತದೆ.

ಹೊಳೆಯ ತಿರುವುಗಳನ್ನು ಗಮನಿಸಿ. ತಿರುವಿನ ಹೊರದಡದಲ್ಲಿ ನೀರು ಆಳ, ಆದರೆ ಅದೇ ನೀರು ದಡವನ್ನು ಕೊರೆಯುತ್ತದೆ. ಒಳದಡದಲ್ಲಿ ಹೊಯ್ಗೆ (ಮರಳು) ಕೂರುತ್ತದೆ, ನೆಲ ಬೆಳೆಯುತ್ತದೆ, ದೋಣಿ ದಡಕ್ಕೆ ಬರುವುದಿಲ್ಲ. ಹೊರದಡ ಮುರಕಲ್ಲಿನದಾಗಿದ್ದರೆ (ಜಂಬಿಟ್ಟಿಗೆ ಕಲ್ಲಿನದಾಗಿದ್ದರೆ) ಮಾತ್ರ ಧೈರ್ಯ ಮಾಡಬಹುದು. ಬೇರು ಹೊರಬಿದ್ದ ತೆಂಗಿನ ಮರಗಳು ನೀರಿನ ಕಡೆಗೆ ವಾಲಿ ನಿಂತಿದ್ದರೆ ಆ ದಡ ಹಿಂದೆ ಸರಿಯುತ್ತಿದೆ. ಮರಳು ತೆಗೆಯುವ ದೋಣಿಗಳು ಓಡಾಡುವ ಜಾಗದಲ್ಲಿ ಆಳ ಸಿಗುತ್ತದೆ ನಿಜ, ಆದರೆ ಆ ಆಳಕ್ಕೆ ದಡವೇ ಬೆಲೆ ತೆರುತ್ತದೆ.

ಬಳಿಕ ಅದೇ ದೋಣಿಯಲ್ಲಿ ಅಳಿವೆಯ ಕಡೆಗೆ ಹೋಗಿ ಬನ್ನಿ. ನಡುವೆ ಕಿಂಡಿ ಅಣೆಕಟ್ಟು ಇದೆಯೇ? ನೇತ್ರಾವತಿಯಲ್ಲಿ ತುಂಬೆಯದು ಎಲ್ಲರಿಗೂ ಗೊತ್ತು. ಅದರ ಕೆಳಗೆ ಈಗ ಹರೇಕಳ–ಅಡ್ಯಾರ್ ನಡುವಿನ ಸೇತುವೆ ಸಹಿತ ಕಿಂಡಿ ಅಣೆಕಟ್ಟೂ ಇದೆ. ಅದರ ಮೇಲ್ಭಾಗದ ಮನೆಗೆ ‘ಕಡಲಿಗೆ ದೋಣಿ ದಾರಿ ಇದೆ’ ಎಂದು ಯಾರಾದರೂ ಹೇಳಿದರೆ ನಕ್ಕು ಬಿಡಿ. ಸಣ್ಣ ತೊರೆಗಳಿಗೆ ಉಪ್ಪುನೀರು ತಡೆಯಲು ಹಾಕಿದ ಕಟ್ಟಗಳಿರುತ್ತವೆ. ಬಲೆ ಕಟ್ಟುವ ಕಂಬಗಳು, ಪಂಜರದಲ್ಲಿ ಮೀನು ಸಾಕುವವರ ಹಗ್ಗಗಳು ಎಲ್ಲಿವೆ ಎಂದು ನೋಡಿಕೊಳ್ಳಿ. ಅವು ಅವರ ಹೊಟ್ಟೆಪಾಡು, ದಾರಿ ಬದಲಿಸಬೇಕಾದವರು ನೀವು. ಹಳೆಯ ತಗ್ಗು ಸೇತುವೆಗಳಿದ್ದರೆ ಅವುಗಳ ಅಡಿಯ ಎತ್ತರವನ್ನು ಮಾತ್ರ ಉಬ್ಬರದಲ್ಲಿ ಅಳೆಯಬೇಕು, ಮಾಡು ಹಾಕಿಸಿದ ದೋಣಿ ಸಿಕ್ಕಿಕೊಳ್ಳುವುದು ಆಗಲೇ.

ಅಳಿವೆಯನ್ನು ದಾಟಿ ಕಡಲಿಗೆ ಹೋಗುವ ಆಸೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಒಬ್ಬರೇ ಹೋಗಬೇಡಿ. ಸಸಿಹಿತ್ಲಿನಲ್ಲಿ ಹೊಳೆಯ ಬಾಯಿ ಜಾಗ ಬದಲಿಸಿ ಮುಂಡ ಬೀಚನ್ನೇ ಕೊರೆದದ್ದನ್ನು ಕಂಡವರಿಗೆ ಅಳಿವೆಯನ್ನು ನಂಬಬಾರದೆಂದು ಬೇರೆ ಹೇಳಬೇಕಿಲ್ಲ. ಯಾಂತ್ರೀಕೃತ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧವಿರುತ್ತದೆ. ಹವ್ಯಾಸದ ದೋಣಿ ಸೆಪ್ಟೆಂಬರ್ ಕೊನೆಯವರೆಗೂ ದಡದ ಮೇಲೆಯೇ ಇರಲಿ.

ಮೂರನೆಯ ಹೆಜ್ಜೆ: ಜುಲೈಯಲ್ಲಿ ಮತ್ತೊಮ್ಮೆ

ಬೇಸಗೆಯಲ್ಲಿ ಒಪ್ಪಿಗೆಯಾದ ಜಾಗವನ್ನು ಮಳೆಗಾಲದಲ್ಲಿ ನೋಡದೆ ಕೊಳ್ಳಬಾರದು. ನೆರೆಮನೆಯ ಗೋಡೆಯಲ್ಲಿ ಕೆಸರುನೀರು ಬಿಟ್ಟುಹೋದ ಗೆರೆ ಎಷ್ಟು ಎತ್ತರದಲ್ಲಿದೆ ಎಂದು ನೋಡಿ. ನೇತ್ರಾವತಿಯ ದಡದ ಹಿರಿಯರು 1974ರ ನೆರೆ ಎಲ್ಲಿಯವರೆಗೆ ಬಂದಿತ್ತೆಂದು ಬೆರಳು ತೋರಿಸಿ ಹೇಳುತ್ತಾರೆ. 1923ರ ‘ಮಾರಿಬೊಳ್ಳ’ ಎಂಬ ಮಹಾನೆರೆಯ ಕತೆ ಮನೆತನಗಳಲ್ಲಿ ಇಂದಿಗೂ ಇದೆ. ಉಡುಪಿಯ ಕಡೆ 2020ರ ಸೆಪ್ಟೆಂಬರಿನ ನೆರೆಯನ್ನು ಕೇಳಿ. ಭಾರಿ ಮಳೆ ಮತ್ತು ಹುಣ್ಣಿಮೆಯ ಉಬ್ಬರ ಒಂದೇ ಹೊತ್ತಿಗೆ ಬಂದರೆ ಹೊಳೆಯ ನೀರು ಕಡಲಿಗೆ ಇಳಿಯಲಾಗದೆ ಹಿಂದಕ್ಕೆ ಒತ್ತುತ್ತದೆ, ಆ ದಿನದ ಮಟ್ಟವೇ ನಿಮ್ಮ ಮನೆಯ ಪಂಚಾಂಗದ (ತಳಪಾಯದ ಕಟ್ಟೆಯ) ಎತ್ತರವನ್ನು ತೀರ್ಮಾನಿಸಬೇಕು. ಸಾಧ್ಯವಾದರೆ ಅದೇ ಊರಿನಲ್ಲಿ ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡುವುದು ಇನ್ನೂ ಒಳ್ಳೆಯದು.

ನಾಲ್ಕನೆಯ ಹೆಜ್ಜೆ: ಸ್ವಂತ ಧಕ್ಕೆಯೋ, ಊರಿನ ಕಡವೋ?

ಸ್ವಂತ ಧಕ್ಕೆಯ, ಅಂದರೆ ದೋಣಿ ಕಟ್ಟುವ ಕಟ್ಟೆಯ, ಹುಚ್ಚನ್ನು ಬಿಡಿ. ನೀರಿನ ಅಂಚಿನ ಜಾಗಕ್ಕಿಂತ, ಬಳಕೆಯಲ್ಲಿರುವ ಕಡವಿಗೆ ಐದು ನಿಮಿಷ ನಡೆದರೆ ಸಿಗುವ, ತುಸು ಎತ್ತರದ ಹಿಂದಿನ ಸಾಲಿನ ಮನೆಯೇ ದೋಣಿ ಇಟ್ಟುಕೊಳ್ಳುವ ನಿವೃತ್ತರಿಗೆ ಉತ್ತಮ. ತಲೆಮಾರುಗಳಿಂದ ಕಡವು ಇರುವ ಕಡೆ ಇಳಿತದಲ್ಲೂ ನೀರಿರುತ್ತದೆ, ಇಲ್ಲದಿದ್ದರೆ ಅಲ್ಲಿ ಕಡವು ಇರುತ್ತಿರಲಿಲ್ಲ. ದೋಣಿ ಕಾಯಲು ಜನರಿದ್ದಾರೆ, ಎಂಜಿನ್ ಕೈಕೊಟ್ಟರೆ ಎಳೆದು ತರುವವರಿದ್ದಾರೆ.

ಕಡವಿನ ಮೆಟ್ಟಿಲುಗಳನ್ನು ಇಳಿತದಲ್ಲಿ ಹತ್ತಿಳಿದು ನೋಡಿ. ಮುರಕಲ್ಲಿನ ಮೇಲೆ ಒದ್ದೆಯ ಕಪ್ಪು ಪಟ್ಟಿ ಎಲ್ಲಿಗೆ ನಿಲ್ಲುತ್ತದೋ ಅದು ಉಬ್ಬರದ ಮಟ್ಟ. ಅದರ ಕೆಳಗಿನ ಮೆಟ್ಟಿಲುಗಳಲ್ಲಿ ಪಾಚಿ ಜಾರುತ್ತದೆ, ಅಂಚಿಗೆ ಅಂಟಿದ ಸಿಂಪಿಯ ಚಿಪ್ಪು ಪಾದವನ್ನು ಬ್ಲೇಡಿನಂತೆ ಕೊಯ್ಯುತ್ತದೆ. ಮಂಡಿನೋವಿರುವವರು ಅಲ್ಲಿಯೇ ತಮ್ಮ ಶಕ್ತಿಯನ್ನು ಅಳೆದುಕೊಳ್ಳಲಿ. ಗಾಳಿ ತುಂಬುವ ರಬ್ಬರ್ ಕಯಾಕುಗಳನ್ನು ಕೊಳ್ಳುವವರಿಗೂ ಈ ಚಿಪ್ಪುಗಳೇ ಉತ್ತರ. ಆನ್‌ಲೈನಿನಲ್ಲಿ ಸಿಗುವ ಪ್ಲಾಸ್ಟಿಕ್ ಡ್ರಮ್ಮಿನ ತೇಲುಧಕ್ಕೆಗಳಲ್ಲಿ ಡ್ರಮ್ಮು ಉಳಿದರೂ ಕಬ್ಬಿಣದ ಬೋಲ್ಟು ಉಳಿಯುವುದಿಲ್ಲ. ಹಿಡಿದು ಇಳಿಯಲು ಕಂಬಿ ಹಾಕಿಸುವುದಾದರೆ ಬರಿಯ ‘ಸ್ಟೇನ್‌ಲೆಸ್’ ಎಂಬ ಮಾತಿಗೆ ಮರುಳಾಗದೆ 316 ದರ್ಜೆಯದನ್ನೇ ಕೇಳಿ ಪಡೆಯಿರಿ.

ಐದನೆಯ ಹೆಜ್ಜೆ: ಕಾಗದಪತ್ರ

ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯದ ನಿಯಮ) ಎಂದರೆ ಕಡಲತೀರಕ್ಕೆ ಮಾತ್ರ ಎಂದು ತಿಳಿದವರು ಬಹಳ. ಉಬ್ಬರವಿಳಿತ ಮುಟ್ಟುವ ಹೊಳೆಗಳಿಗೂ ಅದು ಅನ್ವಯಿಸುತ್ತದೆ, ಮತ್ತು ಬೇಸಗೆಯಲ್ಲಿ ನೀರಿನ ಉಪ್ಪಿನಂಶ ಸಾವಿರಕ್ಕೆ ಐದು ಭಾಗ ಇರುವ ಜಾಗದವರೆಗೂ ಆ ವ್ಯಾಪ್ತಿ ಚಾಚಿಕೊಳ್ಳುತ್ತದೆ. 2011ರ ಅಧಿಸೂಚನೆಯಲ್ಲಿ ಹೊಳೆಯ ದಡದಿಂದ 100 ಮೀಟರ್ ಅಥವಾ ಹೊಳೆಯ ಅಗಲ, ಎರಡರಲ್ಲಿ ಕಡಿಮೆಯಾದದ್ದು ನಿಯಂತ್ರಣಕ್ಕೆ ಒಳಪಡುತ್ತಿತ್ತು. 2019ರ ಅಧಿಸೂಚನೆ 100ನ್ನು 50ಕ್ಕೆ ಇಳಿಸಿತು. ಅಳತೆ ಶುರುವಾಗುವುದು ನೀವು ನಿಂತ ದಿನದ ನೀರಿನಂಚಿನಿಂದಲ್ಲ, ನಕ್ಷೆಯಲ್ಲಿ ಗುರುತಿಸಿದ ಉಬ್ಬರರೇಖೆಯಿಂದ. ಆದ್ದರಿಂದ ಸರ್ವೆ ನಂಬರು ಮತ್ತು ನಕ್ಷೆ ಹಿಡಿದು ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಗೆ ಹೋಗಿ, ಜಾಗ ಯಾವ ವಲಯದಲ್ಲಿದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ‘ಅದನ್ನೆಲ್ಲ ನಾವು ಮಾಡಿಸಿಕೊಡುತ್ತೇವೆ’ ಎನ್ನುವ ದಲ್ಲಾಳಿಯನ್ನು ಅಲ್ಲಿಗೇ ಬಿಡುವುದು ಲೇಸು.

ನಿರ್ಮಾಣ ನಿಷಿದ್ಧ ಪಟ್ಟಿಯೊಳಗೆ ಅಧಿಕೃತವಾದ ಹಳೆಯ ಮನೆಯಿದ್ದರೆ, ಈಗಿರುವ ತಳಪಾಯದ ವಿಸ್ತೀರ್ಣ ಮೀರದಂತೆ ದುರಸ್ತಿಗೂ ಪುನರ್ನಿರ್ಮಾಣಕ್ಕೂ ಅವಕಾಶವಿದೆ. ಮೊದಲ ಸಿಆರ್‌ಝಡ್ ಅಧಿಸೂಚನೆ ಬಂದದ್ದು 1991ರ ಫೆಬ್ರವರಿಯಲ್ಲಿ. ಅದಕ್ಕೆ ಹಿಂದಿನ ಮನೆ ನಂಬರು, ತೆರಿಗೆ ರಶೀದಿಗಳಿರುವ ಮುರಕಲ್ಲಿನ ಹಂಚಿನ ಮನೆ ಸಿಕ್ಕಿದರೆ ಹೊಸ ವಿಲ್ಲಾಗಿಂತ ಅದನ್ನೇ ಆರಿಸಿ.

ಕುಮ್ಕಿಯನ್ನು (ಸ್ವಂತ ಜಮೀನಿಗೆ ತಾಗಿದ, ಬಳಕೆಯ ಹಕ್ಕಷ್ಟೇ ಇರುವ ಜಾಗವನ್ನು) ತೋರಿಸಿ ವರ್ಗದ (ಸ್ವಂತ ಹಕ್ಕಿನ ಜಮೀನಿನ) ಬೆಲೆ ಕೇಳುವುದು ನಮ್ಮ ಜಿಲ್ಲೆಗಳ ಹಳೆಯ ಚಾಳಿ. ದಡದವರೆಗೂ ‘ನಮ್ಮದೇ’ ಎಂದು ಕೈಬೀಸಿ ತೋರಿಸುವ ಜಾಗದಲ್ಲಿ ಎಷ್ಟು ವರ್ಗ, ಎಷ್ಟು ಕುಮ್ಕಿ, ಎಷ್ಟು ಪರಂಬೋಕು (ಸರಕಾರದ ಸಾರ್ವಜನಿಕ ಜಾಗ) ಎಂದು ಸರ್ವೆಯವರಿಂದ ಅಳೆಸಿ ತಿಳಿಯಿರಿ. ಕುಮ್ಕಿ ಸರಕಾರದ ಭೂಮಿ, ಮಾರಾಟಕ್ಕೆ ಬರುವುದಿಲ್ಲ. 2020ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾದರೂ, ಅನಿವಾಸಿ ಭಾರತೀಯರು ಕೃಷಿಭೂಮಿ, ತೋಟ, ಫಾರ್ಮ್‌ಹೌಸ್‌ಗಳನ್ನು ಕೊಳ್ಳುವುದಕ್ಕೆ ವಿದೇಶಿ ವಿನಿಮಯದ ಕಾನೂನು ಅಡ್ಡ ಬರುತ್ತದೆ. ಕೊಲ್ಲಿಯಲ್ಲಿರುವಾಗಲೇ ಕೊಳ್ಳಹೊರಟವರು ಭೂಪರಿವರ್ತನೆ ಆಗಿದೆಯೇ ಎಂದು ಮೊದಲು ನೋಡಬೇಕು.

ಆರನೆಯ ಹೆಜ್ಜೆ: ಮನೆ ಮತ್ತು ದೋಣಿ

ಬಾವಿಯ ನೀರನ್ನು ಮೇ ತಿಂಗಳಲ್ಲಿ ಕುಡಿದು ನೋಡಿ, ಅಂಗಳದವರೆಗೆ ಆಂಬುಲೆನ್ಸ್ ಬರುತ್ತದೆಯೇ ಎಂದು ನೋಡಿ, ಮಲಗುವ ಕೋಣೆ ನೆಲ ಅಂತಸ್ತಿನಲ್ಲೇ ಇರಲಿ. ಉಳಿದದ್ದು ಅವರವರ ರುಚಿ.

ದೋಣಿ ಸಣ್ಣದಿರಲಿ, ಎಂಜಿನ್ ಹಗ್ಗ ಎಳೆಯುವ ಬದಲು ಗುಂಡಿ ಒತ್ತಿದರೆ ಚಾಲೂ ಆಗುವಂಥದ್ದಾಗಿರಲಿ. 2021ರ ಒಳನಾಡು ಹಡಗುಗಳ ಕಾಯ್ದೆಯಂತೆ ಎಂಜಿನ್ ಇರುವ ದೋಣಿಗೆ ನೋಂದಣಿ ಬೇಕಾಗುತ್ತದೆ, ಬಂದರು ಕಚೇರಿಯಲ್ಲಿ ವಿಚಾರಿಸಿಕೊಂಡೇ ಕೊಳ್ಳಿ. ಮಳೆಗಾಲದ ನಾಲ್ಕು ತಿಂಗಳು ಅದನ್ನು ಮೇಲಕ್ಕೆಳೆದು ಇಡುವ ಜಾಗ ಎಲ್ಲಿ ಎಂಬುದನ್ನು ಕೊಳ್ಳುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮೀನುಗಾರರು ಮಾಡುವಂತೆ ತೆಂಗಿನ ಮಡಲಿನ ಚಪ್ಪರವೇ ಸಾಕು; ಪ್ಲಾಸ್ಟಿಕ್ ಟಾರ್ಪಾಲನ್ನು ಬಿಗಿಯಾಗಿ ಸುತ್ತಿದರೆ ಒಳಗಿನ ತೇವ ಎಂಜಿನನ್ನು ತಿನ್ನುತ್ತದೆ.

ಮುಂಗಡದ ಕರಾರಿನಲ್ಲಿ ಎರಡು ಷರತ್ತುಗಳನ್ನು ತಪ್ಪದೆ ಬರೆಸಿ: ಸಿಆರ್‌ಝಡ್ ವಲಯದ ಪತ್ರ ಮಾರುವವರು ಹೇಳಿದಂತೆ ಬಾರದಿದ್ದರೆ ಹಣ ಮರಳಿಸಬೇಕು, ಮನೆಯಿಂದ ಕಡವಿಗೆ ಹೋಗುವ ದಾರಿ ಬೇರೆಯವರ ಹಿತ್ತಿಲಿನಲ್ಲಿ ಹಾದುಹೋಗುತ್ತಿದ್ದರೆ, ದೋಣಿಯ ಎಂಜಿನನ್ನು ಕೈಗಾಡಿಯಲ್ಲಿ ಒಯ್ಯುವಷ್ಟು ಅಗಲದ ದಾರಿಯ ಹಕ್ಕು ಆ ಹಿತ್ತಿಲಿನವರ ಸಹಿಯೊಂದಿಗೆ ನೋಂದಣಿಯಾಗಬೇಕು.