ಸೀಲ್ ಹಾಕುವ ಮೊದಲು

ಕಲಬೆರಕೆ ಕೇಸು ಅಂದ್ರೆ ಜನ ಲ್ಯಾಬ್ ವರದಿಯನ್ನೇ ನೋಡುತ್ತಾರೆ. ಆಹಾರ ತಪಾಸಣೆ ನನ್ನ ಕೆಲಸ. ನಾನು ಕಂಡಂತೆ, ಲ್ಯಾಬ್ ನಾವು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ. 2008ರಲ್ಲಿ ಚೀನಾದ ಹಾಲಿನ ಪುಡಿಯಲ್ಲಿ ಆದದ್ದು ಅದೇ. ಪ್ರೊಟೀನ್ ಎಷ್ಟಿದೆ ಅಂತ ಹೇಳಲು ನೈಟ್ರೋಜನ್ ಅಳೆಯುತ್ತಿದ್ದರು. ನೀರು ಬೆರೆಸಿದ ಹಾಲಿಗೆ ಮೆಲಮಿನ್ ಅನ್ನುವ, ಪ್ಲಾಸ್ಟಿಕ್ ತಯಾರಿಗೆ ಬಳಸುವ ರಾಸಾಯನಿಕ ಸುರಿದರೆ ನೈಟ್ರೋಜನ್ ಏರುತ್ತಿತ್ತು, ಹಾಲು ಪಾಸಾಗುತ್ತಿತ್ತು. ಮೆಲಮಿನ್ ಇದೆಯಾ ಅಂತ ಯಾರೂ ಕೇಳಿರಲಿಲ್ಲ.

ಹಾಗಾಗಿ ಜೇನಿನ ತಪಾಸಣೆಗೆ ಹೋದರೆ ನಾನು ಮೊದಲು ನೋಡುವುದು ಬಾಟಲಿಯನ್ನಲ್ಲ, ಗೋದಾಮನ್ನು. ಸಿರಪ್, ಅಂದ್ರೆ ಜೇನಿಗೆ ಬೆರೆಸಬಹುದಾದ ಸಕ್ಕರೆ ಪಾಕದ ಡ್ರಮ್ ಇದ್ದರೆ ಅದು ಯಾವುದರಿಂದ ತಯಾರಾದದ್ದು ಅಂತ ಓದುತ್ತೇನೆ. ಕಬ್ಬು ಅಥವಾ ಮೆಕ್ಕೆಜೋಳದ ಸಕ್ಕರೆಯಾದರೆ, ಸಕ್ಕರೆ ಯಾವ ಥರದ ಗಿಡದಿಂದ ಬಂತು ಅಂತ ತೋರಿಸುವ ಕಾರ್ಬನ್ ಐಸೋಟೋಪ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಅಕ್ಕಿ ಅಥವಾ ಬೀಟ್ ಸಿರಪ್ ಆದರೆ ಆ ಪರೀಕ್ಷೆಗೆ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ, ಜೇನಿನ ಒಟ್ಟು ರಾಸಾಯನಿಕ ಚಹರೆಯನ್ನೇ ನೋಡುವ ಎನ್‌ಎಂಆರ್ ಥರದ ಬೇರೆ ಪರೀಕ್ಷೆ ಬೇಕು. ಡ್ರಮ್ಮಿನ ಲೇಬಲ್ಲನ್ನು ಮಹಜರಿನಲ್ಲಿ ಇದ್ದದ್ದು ಇದ್ದ ಹಾಗೇ ಬರೆದು, ಸಿರಪ್ಪಿನದೂ ಒಂದು ಸ್ಯಾಂಪಲ್ ತೆಗೆಯುತ್ತೇನೆ. ಲ್ಯಾಬಿಗೆ ಬರೆಯುವಾಗ ಸುಮ್ನೆ ‘ಪರೀಕ್ಷಿಸಿ’ ಅನ್ನುವುದಿಲ್ಲ. ಯಾವ ಸಿರಪ್ ಮೇಲೆ ಅನುಮಾನ ಅಂತ ಬರೆಯುತ್ತೇನೆ.

ಜೇನು ತಳದಲ್ಲಿ ಹರಳುಗಟ್ಟಿರುತ್ತದೆ. ಮೇಲಿನ ತೆಳುವನ್ನಷ್ಟೇ ಮೊಗೆದರೆ ‘ಇದು ನನ್ನ ಮಾಲಿನ ಸರಿಯಾದ ಸ್ಯಾಂಪಲ್ಲೇ ಅಲ್ಲ’ ಅಂತ ಮಾಲೀಕ ವಾದಿಸುತ್ತಾನೆ, ಆ ಮಾತಿನಲ್ಲಿ ಹುರುಳೂ ಇದೆ. ಹಾಗಂತ ಬಿಸಿ ಮಾಡಿ ಕರಗಿಸಲೂ ಬಾರದು. ಕಾಯಿಸಿದರೆ ಎಚ್‌ಎಂಎಫ್, ಅಂದ್ರೆ ಸಕ್ಕರೆ ಕಾದಾಗ ಹುಟ್ಟುವ ಒಂದು ರಾಸಾಯನಿಕ, ಏರುತ್ತದೆ, ಎದುರು ವಕೀಲರಿಗೆ ಅಷ್ಟು ಸಾಕು. ತಳದ ತನಕ ಕೈಬಿಡದೆ ಕಲಕಿ, ಮಾಲೀಕರ ಎದುರೇ ಭಾಗ ಮಾಡಿ, ಪ್ರತಿ ಬಾಟಲಿಗೂ ಬೇರೆ ಸೀಲ್ ಹಾಕುತ್ತೇನೆ. ಮಾಲೀಕರ ಸಹಿ ಅರ್ಧ ಬಾಟಲಿಗೆ ಅಂಟಿಸುವ ಚೀಟಿಯ ಮೇಲೆ, ಅರ್ಧ ಬಾಟಲಿಯ ಸುತ್ತಿನ ಕಾಗದದ ಮೇಲೆ ಬರಬೇಕು. ಚೀಟಿ ಬಿಚ್ಚಿದರೆ ಸಹಿ ಹರಿಯುತ್ತದೆ.

ನಿಜ ಹೇಳಬೇಕೆಂದರೆ, ನನಗೆ ಲೇಬಲ್ ಕೇಸುಗಳೇ ಇಷ್ಟ. ಮುಂದೆ ದಪ್ಪಕ್ಷರದಲ್ಲಿ ‘ಶುದ್ಧ ಜೇನು’, ಹಿಂದೆ ಭೂತಗನ್ನಡಿ ಹಿಡಿದು ಓದಬೇಕಾದಷ್ಟು ಸಣ್ಣಕ್ಷರದಲ್ಲಿ ‘ಸಕ್ಕರೆ ಪಾಕ’! ಅವರೇ ಬರೆದು ಕೊಟ್ಟ ಸಾಕ್ಷಿ, ಅಲ್ವಾ? ಬ್ಯಾಚ್ ನಂಬರ್ ಕಾಣುವಂತೆ ಎಲ್ಲಾ ಬದಿಯ ಫೋಟೋ ತೆಗೆದರೆ ಆಯಿತು.

ಕೊನೆಗೆ ಖರೀದಿ ಬಿಲ್ಲು, ಮಾರಾಟದ ಬಿಲ್ಲು, ದಾಸ್ತಾನಿನ ಲೆಕ್ಕ ಕೇಳುತ್ತೇನೆ. ಕೊಂಡ ಜೇನಿಗಿಂತ ಮಾರಿದ ಜೇನು ಜಾಸ್ತಿ ಇದ್ದರೆ, ಆ ಹೆಚ್ಚಿನದು ಎಲ್ಲಿಂದ ಬಂತು ಅಂತ ಕೇಳುತ್ತೇನೆ. ಉತ್ತರವನ್ನು ಮಾಲೀಕರ ಮಾತಿನಲ್ಲೇ ಬರೆದುಕೊಂಡು, ಅಲ್ಲೇ ಸಹಿ ಹಾಕಿಸುತ್ತೇನೆ.