1:25ರ ಊರಿನಲ್ಲಿ ಸೂಪರ್‌ಹೀರೋ ರಕ್ಷಣೆ: ನನ್ನ ಅನುಭವ

ದೃಶ್ಯ ಇಷ್ಟೇ: ಫ್ಲೈಓವರ್ ಕುಸಿಯುತ್ತದೆ, ಅಂಚಿನಿಂದ ಜಾರಿದ ಓಮ್ನಿ ವ್ಯಾನನ್ನು ಐದು ಜನ ಸೂಪರ್‌ಹೀರೋಗಳು ಗಾಳಿಯಲ್ಲೇ ಹಿಡಿಯುತ್ತಾರೆ. ಸಿಜಿ (ಕಂಪ್ಯೂಟರ್ ಗ್ರಾಫಿಕ್ಸ್) ಬೇಡ, ಮಿನಿಯೇಚರ್ ಅಂದರೆ ಪುಟ್ಟ ಮಾದರಿಗಳ ಸೆಟ್ ಹಾಕಿ ಫೋನಿನಲ್ಲೇ ತೆಗೆಯುತ್ತೇನೆ ಅಂದಾಗ "ಆಟಿಕೆ ಬಿದ್ದ ಹಾಗೇ ಕಾಣುತ್ತೆ, ಬಿಡಿ" ಅಂದವರೇ ಜಾಸ್ತಿ. ಈಗ ಅವರೇ ಸ್ಕೇಲ್ ಎಷ್ಟು ಅಂತ ಕೇಳುತ್ತಿದ್ದಾರೆ.

1:25, ಅಂದರೆ ನಿಜದ 25 ಸೆಂ.ಮೀ.ಗೆ ಇಲ್ಲಿ 1 ಸೆಂ.ಮೀ. ಬೀಳುವಿಕೆ ನಿಜದಂತೆ ಕಾಣಲು ಸ್ಕೇಲಿನ ವರ್ಗಮೂಲದಷ್ಟು ಪಟ್ಟು ನಿಧಾನ ಮಾಡಬೇಕು. ಇಪ್ಪತ್ತೈದರ ವರ್ಗಮೂಲ 5. ಸಿನಿಮಾದ ಸೆಕೆಂಡಿಗೆ 24 ಫ್ರೇಮನ್ನು ಐದರಿಂದ ಗುಣಿಸಿದರೆ 120, ಇವತ್ತಿನ ಬಹಳಷ್ಟು ಫೋನುಗಳ ಸ್ಲೋಮೋದಲ್ಲಿ ಆ ವೇಗ ಸಿಗುತ್ತದೆ. 40 ಸೆಂ.ಮೀ. ಎತ್ತರದ ಫ್ಲೈಓವರ್‌ನಿಂದ ವ್ಯಾನ್ ಬೀಳಲು ಸುಮಾರು 0.29 ಸೆಕೆಂಡ್ ಸಾಕು. 24ಕ್ಕೆ ಇಳಿಸಿ ಓಡಿಸಿದರೆ 1.4 ಸೆಕೆಂಡ್, ನಿಜವಾದ 10 ಮೀಟರ್ ಬೀಳುವಿಕೆಯ ಲೆಕ್ಕ. ಅಂಗಡಿಯ ಆರಿಂಚಿನ ಆ್ಯಕ್ಷನ್ ಫಿಗರ್ 1:12, ಇಲ್ಲಿಗೆ ಆಗಿಬರಲ್ಲ. ಅಲ್ಯೂಮಿನಿಯಂ ತಂತಿ ಹೊಸೆದು, ಎಂ-ಸೀಲ್ ಮೆತ್ತಿ 7 ಸೆಂ.ಮೀ. ಗೊಂಬೆ ಮಾಡಿಕೊಳ್ಳಬೇಕು.

ಡಿಎಸ್ಎಲ್ಆರ್ ಇದ್ದರೂ ಪಕ್ಕಕ್ಕಿಡಿ. ಹತ್ತಿರದಿಂದ ತೆಗೆದಾಗ ಅದರಲ್ಲಿ ಹಿನ್ನೆಲೆ ಮಸುಕಾಗುತ್ತದೆ, ಗುಟ್ಟು ರಟ್ಟಾಗುವುದೇ ಅಲ್ಲಿ. ಫೋನಿನ ಸಣ್ಣ ಸೆನ್ಸರ್‌ನಲ್ಲಿ ಮುಂದಿನದೂ ಹಿಂದಿನದೂ ಚೊಕ್ಕವಾಗಿರುತ್ತದೆ. ಫೋನನ್ನು ತಲೆಕೆಳಗೆ ನಿಲ್ಲಿಸಿದರೆ ಲೆನ್ಸ್ ನೆಲಕ್ಕೆ ತಾಗಿದಂತೆ ಬರುತ್ತದೆ. ಆರೂವರೆ ಸೆಂ.ಮೀ.ಗಿಂತ ಮೇಲೆ ಹೋದರೆ ನಿಂತ ಮನುಷ್ಯನ ಕಣ್ಣಿನ ಮಟ್ಟ ದಾಟಿತು.

ಮನೆಯ ಎಲ್ಇಡಿ ದೀಪ 120ರಲ್ಲಿ ಮಿಣುಗುತ್ತದೆ. ಕರೆಂಟು 50 ಹರ್ಟ್ಜ್, ಬೆಳಕಿನ ಏರಿಳಿತ ಸೆಕೆಂಡಿಗೆ 100, ನಮ್ಮ 120 ಫ್ರೇಮಿಗೆ ಅದು ಹೊಂದಲ್ಲ. ಹಾಗಾಗಿ ತಾರಸಿ, ಬೆಳಗಿನ ಬಿಸಿಲು. ಆದರೆ ಬಿಸಿಲಲ್ಲಿ ಫೋನ್ ಶಟರನ್ನು 1/4000 ಸೆಕೆಂಡಿನ ಹತ್ತಿರ ಒಯ್ಯುತ್ತದೆ, ಬೀಳುವ ಚೂರುಗಳು ಕುಂಟಿದಂತೆ ಕಾಣುತ್ತವೆ. ಬೆಳಕನ್ನು ಹದಿನಾರರಲ್ಲಿ ಒಂದು ಪಾಲಿಗೆ ಇಳಿಸುವ ಎನ್‌ಡಿ16 ಫಿಲ್ಟರ್ ಹಾಕಿ 1/240ಕ್ಕೆ ಕಟ್ಟಿಹಾಕಿ. ಫಿಲ್ಟರಿಗೆ ಸಾವಿರದ ಇನ್ನೂರೋ ಏನೋ ಆಯಿತು. ಒಟ್ಟು ಖರ್ಚು ಒಂಬತ್ತು ಸಾವಿರದ ಆಸುಪಾಸು, ಅದರಲ್ಲಿ ಅರ್ಧ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿಗೇ (ಪಿಒಪಿ) ಹೋಯಿತು.

ಬರೀ ಪಿಒಪಿ ಸ್ಲ್ಯಾಬ್ ನಾಲ್ಕೇ ದೊಡ್ಡ ತುಂಡಾಗಿ ಸೀಳುತ್ತದೆ, ಕಾಂಕ್ರೀಟ್ ಅನ್ನಿಸುವುದೇ ಇಲ್ಲ. 6 ಮಿ.ಮೀ. ದಪ್ಪ ಹೊಯ್ದು, ಹಸಿಯಿರುವಾಗಲೇ ಹಿಂಬದಿಗೆ ಅಡ್ಡಾದಿಡ್ಡಿ ಗೀರಿ, ಸಣ್ಣ ಬೈಂಡಿಂಗ್ ವೈರ್ ತುಂಡು ಹುದುಗಿಸಿದರೆ ಕಂಬಿ ಎದ್ದು ನಿಂತ ಹಾಗೆ ಒಡೆಯುತ್ತದೆ. ಪಿಒಪಿಗೆ ಇನ್ನೊಂದು ಪುಡಿ ಸೇರಿಸುತ್ತೇನೆ. ಅದು ನನ್ನಲ್ಲೇ ಇರಲಿ. ಧೂಳಿಗೆ ಮುಲ್ತಾನಿ ಮಿಟ್ಟಿ, ಪಂಚೆ ಬಟ್ಟೆಯಲ್ಲಿ ಸೋಸಿದ್ದು. ಊದುಬತ್ತಿ ಹೊಗೆ ದಾರದ ಹಾಗೆ ಏಳುತ್ತದೆ, ಕುಸಿತಕ್ಕೆ ಹೊಂದಲ್ಲ.

ವ್ಯಾನ್ ಹದಿಮೂರೂವರೆ ಸೆಂ.ಮೀ. ಉದ್ದ. ಅಂಗಡಿಯ ತಗಡಿನ ಆಟಿಕೆಯಾದರೆ ನೆಲಕ್ಕೆ ಬಿದ್ದು ಪುಟಿಯುತ್ತದೆ. ಕೂಲ್ ಡ್ರಿಂಕ್ಸ್ ಕ್ಯಾನಿನ ತಗಡು ಕತ್ತರಿಸಿ ಬಾಡಿ ಮಾಡಿ, ತಳಕ್ಕೆ ಗಾಳದ ಸೀಸದ ಗುಂಡು ಅಂಟಿಸಿದರೆ ಬಿದ್ದಲ್ಲೇ ನಜ್ಜುಗುಜ್ಜಾಗುತ್ತದೆ. ಹಿಡಿಯುವ ಶಾಟ್ ಉಲ್ಟಾ: ಗೊಂಬೆಗಳನ್ನು ವ್ಯಾನಿಗೆ ಅಂಟಿಸಿಟ್ಟು, ಗಾಳದ ದಾರದಿಂದ ಒಂದೊಂದಾಗಿ ಎಳೆದು, ಹಿಂದುಮುಂದಾಗಿ ಓಡಿಸುವುದು. ಧೂಳನ್ನು ಮಾತ್ರ ಬೇರೆಯಾಗಿ ತೆಗೆದು ಮೇಲೆ ಕೂರಿಸಿ. ಜೊತೆಗೇ ತೆಗೆದರೆ ಧೂಳು ನೆಲಕ್ಕೆ ಹೀರಿಹೋಗುತ್ತದೆ, ಮಕ್ಕಳೂ ಹಿಡಿದುಬಿಡುತ್ತಾರೆ.

ನಡುವೆ ಕಿಟಕಿಗೆ ಸಕ್ಕರೆ ಗಾಜು ಮಾಡಿ ನೋಡಿದ್ದಾಯಿತು: ಸಕ್ಕರೆ, ನೀರು, ಲಿಕ್ವಿಡ್ ಗ್ಲೂಕೋಸ್, 150 ಡಿಗ್ರಿ. ಮಳೆಗಾಲದಲ್ಲಿ ಒಂದೇ ರಾತ್ರಿಗೆ ಅಂಟಂಟು, ಮೇಲೆ ಇರುವೆ. ಲ್ಯಾಬ್ ಸಾಮಾನಿನ ಅಂಗಡಿಯ ಕವರ್ ಸ್ಲಿಪ್ (ಮೈಕ್ರೋಸ್ಕೋಪ್ ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜು) ಒಳ್ಳೆಯದು, ಹೆಚ್ಚುಕಮ್ಮಿ 0.15 ಮಿ.ಮೀ. ದಪ್ಪ. ಚೂರು ಕಣ್ಣಿಗೆ ಹಾರುತ್ತದೆ, ಕನ್ನಡಕ ಹಾಕಿಕೊಂಡೇ ಒಡೆಯಿರಿ.

ಪ್ರವಾಹದಿಂದ ರಕ್ಷಿಸುವ ದೃಶ್ಯಕ್ಕೆ ಈ ಸ್ಕೇಲ್ ನಡೆಯದು. ನೀರಿನ ಹನಿ ನಮ್ಮ ಸ್ಕೇಲಿಗೆ ಕುಗ್ಗುವುದಿಲ್ಲ. ಅದಕ್ಕೆ 1:8 ಆದರೂ ಬೇಕು, ಸೆಕೆಂಡಿಗೆ 68 ಫ್ರೇಮ್, ತಾರಸಿಗಿಂತ ದೊಡ್ಡ ಜಾಗ.